ಹಾಳೂರ ತೆಂಗು

ಗುಬ್ಬಿಯ ಸಂತೆಯಲ್ಲಿ ಇಪ್ಪತ್ತು ವರ್ಷ ಬೇರೆಯವರ ತೋಟದ ಕಾಯಿಗಳನ್ನು ತಟ್ಟಿ ನೋಡಿ ವ್ಯಾಪಾರ ಮಾಡಿದ ಖುರ್ಷಿದ್ ಪಾಷಾನಿಗೆ ತನ್ನದೇ ಒಂದು ತೋಟ ಬೇಕೆಂಬ ಆಸೆ ಹುಟ್ಟಿದ್ದು ತಡವಾಗಿ. ಎಪ್ಪತ್ತಾರನೇ ಇಸವಿಯಲ್ಲಿ ಸೀತಾರಾಮಯ್ಯನವರು ತುಮಕೂರಿಗೆ ಮನೆ ಬದಲಾಯಿಸಿದಾಗ, ಹೆಬ್ಬೂರಿನ ದಾರಿಯಲ್ಲಿದ್ದ ಅವರ ಮೂರೆಕರೆ ತೆಂಗಿನ ತೋಟವನ್ನು ಅವನು ಕೊಂಡುಕೊಂಡ. ಜನ ಅದನ್ನು ಹಾಳೂರ ತೋಟ ಅನ್ನುತ್ತಿದ್ದರು. ಯಾಕೆಂದು ಅವನು ಕೇಳಲಿಲ್ಲ. ಮರಗಳಿಗೆ ಇಪ್ಪತ್ತೈದು ವರ್ಷ, ತುಂಬು ಪ್ರಾಯ. ಅಷ್ಟು ಸಾಕಾಗಿತ್ತು.

ಒಂದು ವರ್ಷ ಕಳೆಯುವಷ್ಟರಲ್ಲಿ ತೋಟ ಅವನ ತಲೆ ಕೆಡಿಸಿತು. ಸೀತಾರಾಮಯ್ಯನವರು ಹಗ್ಗ ಹಿಡಿದು ನೇರ ಸಾಲಿನಲ್ಲಿ ನೆಡಿಸಿದ ಮರಗಳು. ಒಂದೇ ಬಾವಿಯ ನೀರು, ಒಂದೇ ಗೊಬ್ಬರ. ಆದರೂ ಒಂದು ಮರ ಕಪ್ಪುಹಸಿರು ಗರಿ ಬಿಚ್ಚಿ ಗೊನೆಗಳ ಭಾರ ಹೊರಲಾರದೆ ನಿಂತಿದ್ದರೆ, ಪಕ್ಕದ್ದು ಹಳದಿ ತಿರುಗಿ, ಹತ್ತು ಕಾಯಿ ಬಿಡುವುದಕ್ಕೂ ಒದ್ದಾಡುತ್ತಿತ್ತು. ದುಂಬಿಯ ಕಾಟ ಅಂದುಕೊಂಡ, ಅಲ್ಲ. ಗೊಬ್ಬರಕ್ಕೆಂದು ಬುಡ ಬಿಡಿಸಿದಾಗ, ಚೆನ್ನಾಗಿದ್ದ ಮರಗಳ ಕೆಳಗೆ ಮಾತ್ರ ಬೂದಿ ಬಣ್ಣದ ಸಡಿಲ ಮಣ್ಣು, ಮಡಕೆ ಚೂರು, ಒಂದು ಕಡೆ ಅರ್ಧ ಬೀಸುವ ಕಲ್ಲು.

ಸಸಿ ನೆಟ್ಟ ಕಾಲದಿಂದಲೂ ಅಲ್ಲಿ ಕೆಲಸಕ್ಕಿದ್ದವಳು ಹನುಮಂತಮ್ಮ. ಅರವತ್ತು ದಾಟಿದ್ದಳು, ಮಾತು ಕಡಿಮೆ. ಒಂದು ಮಧ್ಯಾಹ್ನ ಅವಳು ಬಾವಿಯಿಂದ ಕೊಡ ತುಂಬಿ ತಂದು, ತೋಟದ ನಡುವಿನ ಒಂದೇ ಒಂದು ಮರದ ಬುಡಕ್ಕೆ ನಿಧಾನವಾಗಿ ಸುರಿಯುವುದನ್ನು ಪಾಷಾ ಕಂಡ. ತೋಟದಲ್ಲೇ ಹೆಚ್ಚು ಫಲ ಕೊಡುತ್ತಿದ್ದ ಮರ ಅದು.

"ಅದಕ್ಕೊಂದಕ್ಕೆ ಯಾಕಮ್ಮ? ನಿನ್ನೆ ತಾನೇ ಕಾಲುವೇಲಿ ನೀರು ಬಿಟ್ಟೀವಲ್ಲ."

ಅವಳು ಕೊಡ ಕೆಳಗಿಟ್ಟಳು. "ಬನ್ನಿ ಸಾಬ್ರೇ," ಎಂದು ಮುಂದೆ ನಡೆದಳು.

ಎರಡು ದಷ್ಟಪುಷ್ಟ ಮರಗಳ ಮುಂದೆ ನಿಂತು, "ಇದು ಅಣ್ಣಯ್ಯಪ್ಪನ ಮನೆ. ಅದು ಅವನ ದನದ ಕೊಟ್ಟಿಗೆ," ಅಂದಳು. ಬಡಕಲು ಮರಗಳ ಉದ್ದಕ್ಕೂ ಕೈ ಚಾಚಿ, "ಇದು ಬೀದಿ. ತುಳಿದೂ ತುಳಿದೂ ಕಲ್ಲಾಗಿರೋ ನೆಲ, ಇಲ್ಲಿ ಏನು ಬೆಳೆದಾತು? ಆಚೆಗೆ ಗಂಗಹನುಮಯ್ಯನ ಮನೆ. ಅಲ್ಲಿ ತಿಪ್ಪೆ."

ಪಾಷಾ ಕಣ್ಣು ಕಿರಿದು ಮಾಡಿ ನೋಡಿದ. ನೇರ ಸಾಲುಗಳು ಮರೆಯಾಗಿ, ಅವುಗಳೊಳಗಿಂದ ಒಂದು ಊರು ಎದ್ದು ಬಂದಂತಾಯಿತು. ಹದಿನಾರು ಮನೆ, ಒಂದು ಬೀದಿ.

"ಇಲಿ ಬಿದ್ದ ವರ್ಸ," ಹನುಮಂತಮ್ಮ ಹೇಳಿದಳು. "ಪಿಳೇಗು. ನಂಗೆ ಏಳು ವರ್ಸ. ಎಲ್ರೂ ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕಿದ್ರು. ನಮ್ಮವ್ವಂಗೆ ಆಗ್ಲೇ ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಅಪ್ಪ ಅವಳನ್ನ ಒಳಗೆ ಮಲಗ್ಸಿ, ಹೊರಗಿಂದ ಚಿಲಕ ಹಾಕ್ದ. ನಾನು ಕದ್ದು ಬಂದು ಬಾಗ್ಲತ್ರ ಕೂತ್ಕೊಂಡೆ. ನೀರು ಕೇಳ್ತಿದ್ಲು. ಎರಡು ದಿನ ಕೇಳಿದ್ಲು."

ಅವಳು ತಾನು ನೀರು ಸುರಿದಿದ್ದ ಆ ಮರವನ್ನು ನೋಡಿದಳು. "ನಮ್ಮನೆ ಇದ್ದದ್ದು ಅಲ್ಲೇ. ಚಿಲಕ ನನ್ ಕೈಗೆ ಎಟುಕ್ತಿತ್ತು ಸಾಬ್ರೇ. ಹೆದರಿಕೆಗೆ ತೆಗೀಲಿಲ್ಲ."

ಅಂದಿನಿಂದ ಪಾಷಾನಿಗೆ ಆ ತೋಟದಲ್ಲಿ ಮೊದಲಿನ ಹಾಗೆ ಓಡಾಡಲು ಆಗಲಿಲ್ಲ. ಕಾಲು ತಾನಾಗಿ ಬೀದಿ ಹಿಡಿಯುತ್ತಿತ್ತು. ಎರಡು ಮರಗಳ ನಡುವೆ ನುಗ್ಗಬೇಕಾದರೆ, ಯಾರದೋ ಗೋಡೆ ಅಡ್ಡ ಇದ್ದಂತೆ ಸುತ್ತಿಕೊಂಡು ಹೋಗುತ್ತಿದ್ದ. ಬಿಸಿಲು ನೆತ್ತಿಗೇರಿ ಗಾಳಿ ನಿಂತ ಹೊತ್ತಿನಲ್ಲಿ ಒಳಗಿನಿಂದ ಬೀಸುವ ಕಲ್ಲಿನ ಸದ್ದು ಬಂದಂತಾಗುತ್ತಿತ್ತು. ಗರಿ ಒಂದಕ್ಕೊಂದು ಉಜ್ಜಿದ್ದು ಅಂದುಕೊಳ್ಳುತ್ತಿದ್ದ. ಆದರೆ ತಲೆಯೆತ್ತಿದರೆ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಕುಲ್ಸುಂ ಬೀಗೆ ಎಲ್ಲ ಹೇಳಿದ. ಅವಳು ತುರಿಯುತ್ತಿದ್ದ ಕಾಯಿಯ ಹೋಳನ್ನು ಕೆಳಗಿಟ್ಟು ಕೇಳಿದಳು, "ಇದು ಆ ಮರದ್ದಾ?"

"ಗೊತ್ತಿಲ್ಲ."

ಅವತ್ತು ಸಾರಿಗೆ ಕಾಯಿ ಬೀಳಲಿಲ್ಲ. ಮುಂದಿನ ಕೊಯ್ಲಿನಲ್ಲಿ ಮರ ಹತ್ತುವ ಚಿಕ್ಕಬೋರಯ್ಯನಿಗೆ ಪಾಷಾ, "ಆ ಮರ ಒಂದು ಬುಡು," ಅಂದ. ಕಾಯಿ ತಾವೇ ಕಳಚಿ ಬಿದ್ದು ಬುಡದಲ್ಲೇ ಉಳಿದವು.

ಎಂಬತ್ತರಲ್ಲಿ ಅಮೃತೂರಿನಿಂದ ಸುಬ್ಬಕೃಷ್ಣ ಎಂಬ ನಿವೃತ್ತ ಮೇಷ್ಟ್ರು ಬಿತ್ತನೆ ಕಾಯಿ ಹುಡುಕಿಕೊಂಡು ಬಂದರು. ತೋಟವೆಲ್ಲ ಸುತ್ತಿ ಕೊನೆಗೆ ಆ ಮರದ ಕೆಳಗೇ ನಿಂತರು. "ಪಾಷಾರವರೇ, ಇಂಥ ತಾಯಿಮರ ನಾನು ನೋಡಿಲ್ಲ. ಇದರ ಕಾಯೇ ಬೇಕು."

"ಅದನ್ನ ಕೊಡಕ್ಕಾಗಲ್ಲ ಮೇಷ್ಟ್ರೇ. ಬೇರೆ ಯಾವುದಾದ್ರೂ ನೋಡಿ."

ಹಿಂದಿನಿಂದ ಹನುಮಂತಮ್ಮನ ದನಿ ಎದ್ದಿತು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಪಾಷಾ ಎಂದೂ ಕೇಳಿರಲಿಲ್ಲ.

"ಯಾಕೆ ಕೊಡಲ್ಲ? ನಮ್ಮಪ್ಪ ಕೂಡಾಕ್ದ, ನಾನು ಕೂಡಾಕ್ದೆ, ಈಗ ನೀವೂ ಕೂಡಾಕ್ತೀರಾ? ಕಳಿಸ್ರಿ ಸಾಬ್ರೇ! ಎಲ್ಲಿಗಾದ್ರೂ ಆಚೆಗೆ ಹೋಗ್ಲಿ ಬುಡಿ!"

ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ಪಾಷಾ ಅವರಿಗೆ ಬಿಡಿಸಿ ಹೇಳಲೂ ಇಲ್ಲ. ಬಿತ್ತನೆ ಕಾಯಿ ನೆಲಕ್ಕೆ ಬಡಿಯಬಾರದೆಂದು ಚಿಕ್ಕಬೋರಯ್ಯ ಗೊನೆಗಳಿಗೆ ಹಗ್ಗ ಕಟ್ಟಿ ಒಂದೊಂದಾಗಿ ಇಳಿಬಿಟ್ಟ. ಹನುಮಂತಮ್ಮ ಎರಡೂ ಕೈ ಚಾಚಿ, ಮಲಗಿದವರನ್ನು ಎತ್ತಿಕೊಳ್ಳುವಂತೆ, ಪ್ರತಿ ಗೊನೆಯನ್ನೂ ತಬ್ಬಿ ಹಿಡಿದಳು. ಒಟ್ಟು ನಲವತ್ತು ಕಾಯಿ. ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ, ಪಾಷಾನೇ ಅಮೃತೂರಿನ ತನಕ ಹೋಗಿ ಮುಟ್ಟಿಸಿ ಬಂದ.

ಮರುವರ್ಷ ನೋಡಲು ಹೋದಾಗ ಮೇಷ್ಟ್ರು ಹಿಗ್ಗಿ ಹೋಗಿದ್ದರು. ಒಂದೂ ಸೋತಿರಲಿಲ್ಲ. ನಲವತ್ತೂ ಮೊಳೆತಿದ್ದವು.

ಹಿಂತಿರುಗಿ ಬಂದು ಹೇಳಿದಾಗ ಹನುಮಂತಮ್ಮ ಎಷ್ಟು ಬಂದವು ಎಂದು ಕೇಳಲಿಲ್ಲ. "ಅಲ್ಲಿ ಜನ ಅವ್ರಾ?" ಅಂದಳು.

"ಪಕ್ಕದಲ್ಲೇ ಸ್ಕೂಲು. ದಿನವಿಡೀ ಮಕ್ಕಳ ಗಲಾಟೆ."

"ಹಂಗಾದ್ರೆ ಸರಿ," ಎಂದು ಕುಡುಗೋಲು ತೆಗೆದುಕೊಂಡು ಹುಲ್ಲು ಕೊಯ್ಯಲು ಹೋದಳು. ಅವಳ ಬೆನ್ನು ಆವತ್ತು ಸ್ವಲ್ಪ ನೆಟ್ಟಗಾದಂತೆ ಪಾಷಾನಿಗೆ ಕಂಡಿತು.

ಇನ್ನೊಂದು ಮಾತು ಕೇಳಬೇಕೆಂದು ಅವನ ಮನಸ್ಸಿನಲ್ಲಿತ್ತು. ಉಳಿದ ಹದಿನೈದು ಮನೆಗಳಲ್ಲಿ ಎಷ್ಟಕ್ಕೆ ಹೊರಗಿನಿಂದ ಚಿಲಕ ಬಿದ್ದಿತ್ತು? ನಾಳೆ ಕೇಳೋಣ, ನಾಡಿದ್ದು ಕೇಳೋಣ ಎನ್ನುತ್ತ ದಿನ ದೂಡಿದ. ಮುಂದಿನ ಯುಗಾದಿಗೆ ಮುಂಚೆ ಹನುಮಂತಮ್ಮ ತೀರಿಕೊಂಡಳು.

ಈಗ ಕೇಳಲು ಯಾರೂ ಇರಲಿಲ್ಲ. ಆ ಮನೆಗಳಿದ್ದ ಕಡೆಯ ಮರಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಕಾಯಿ ಬಿಡುತ್ತಿದ್ದವು.