ಬೀರುವಿನಲ್ಲಿ ಮಲಗಿದ ಚೀಲಗಳು

ನಮ್ಮ ಬೀದಿಯಲ್ಲಿ ಪ್ಲಾಸ್ಟಿಕ್ ಕವರ್ ನಿಲ್ಲಿಸಬೇಕು ಅಂತ ಎಲ್ಲರೂ ಸೇರಿದಾಗ ಮೊದಲು ಕೈ ಎತ್ತಿದವಳು ನಾನೇ. ಬಟ್ಟೆ ಹೊಲಿಯುವವಳು, ತುಂಡು ಬಟ್ಟೆಗೆ ನನಗೇನು ಬರ? ಮನೆಗೊಂದು ಚೀಲ ಹೊಲಿದುಕೊಡ್ತೀನಿ ಅಂದೆ. ಅಷ್ಟಕ್ಕೇ ಬಿಡದೆ ತರಕಾರಿ ಅಂಗಡಿಯ ಅಕ್ಕನನ್ನೂ ಒಪ್ಪಿಸಿದೆ. ಅವಳು ಪಾಪ, ‘ಇಲ್ಲಿ ಕವರ್ ಕೊಡುವುದಿಲ್ಲ’ ಅಂತ ಬೋರ್ಡ್ ಬರೆಸಿ ತೂಗುಹಾಕಿದಳು.

ಬರೀ ಚೀಲ ಹೊಲಿದಿದ್ದರೆ ಸಾಕಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ. ಒಳಗೆ ಲೈನಿಂಗ್ ಕೊಟ್ಟೆ, ಅಂಚಿಗೆ ಪೈಪಿಂಗ್, ಬಾಯಿಗೆ ಗುಂಡಿ. ನಲವತ್ತು ಮನೆಗೂ ಹಂಚಿ, ಹೊಗಳಿಸಿಕೊಂಡು, ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ವಾರ ಕಳೆದ ಮೇಲೆ ಅಕ್ಕ ಬಂದು ಬಾಡಿದ ಸೊಪ್ಪಿನ ಕಟ್ಟೊಂದನ್ನು ನನ್ನ ಮೆಷಿನ್ ಮೇಲಿಟ್ಟಳು.

“ಏನಕ್ಕಾ ಇದು?”

“ನಿನ್ನ ಮಾತು ಕೇಳಿದ್ದಕ್ಕೆ ಬಹುಮಾನ. ಆ ಚೀಲ ಹಿಡಿದು ಒಬ್ಬರೂ ಬರಲಿಲ್ಲ ಕಣೇ. ಕೈಬೀಸಿಕೊಂಡು ಬರ್ತಾರೆ, ಬೋರ್ಡ್ ನೋಡ್ತಾರೆ, ಮೂಲೆ ಅಂಗಡಿಗೆ ಹೋಗ್ತಾರೆ. ಅಲ್ಲಿ ಒಂದು ನಿಂಬೆಹಣ್ಣಿಗೂ ಕವರ್. ಶನಿವಾರದವರೆಗೆ ನೋಡ್ತೀನಿ, ಆಮೇಲೆ ಬೋರ್ಡ್ ಒಲೆಗೆ.”

ಜನಕ್ಕೆ ಬುದ್ಧಿ ಹೇಳಿ ಬರೋಣ ಅಂತ ತೋಳೇರಿಸಿಕೊಂಡು ಹೊರಟೆ. ಮೊದಲ ಮನೆ ಡ್ರೈವರ್ ಹೆಂಡತಿಯದು. ಚೀಲ ಎಲ್ಲಿ ಅಂದರೆ ಹೆಮ್ಮೆಯಿಂದ ಬೀರು ತೆಗೆದಳು. ಸೀರೆಗಳ ನಡುವೆ, ಕವರಿನೊಳಗೆ, ಮಡಿಕೆ ಮುರಿಯದೆ ಮಲಗಿತ್ತು.

“ಇಷ್ಟು ಮುದ್ದಾಗಿ ಹೊಲಿದಿದ್ದೀರಿ. ಮಣ್ಣು ಮೆತ್ತಿದ ಆಲೂಗಡ್ಡೆ ತುಂಬೋಕೆ ಮನಸ್ಸು ಬರುತ್ತಾ ಆಂಟಿ?”

“ಸರಿ, ಈ ಪ್ಲಾಸ್ಟಿಕ್ ಕವರ್ ಯಾಕಮ್ಮ ಹಾಕಿದೆ?”

“ನಾನೆಲ್ಲಿ ಹಾಕಿದೆ? ನೀವು ಕೊಟ್ಟದ್ದೇ ಹಾಗೆ.”

ನಾಲಿಗೆ ಕಚ್ಚಿಕೊಂಡೆ. ಹೊಲಿದದ್ದನ್ನು ಇಸ್ತ್ರಿ ಮಾಡಿ, ಮಡಿಸಿ, ಕವರಿಗೆ ಹಾಕಿ ಕೊಡುವುದು ಇಪ್ಪತ್ತು ವರ್ಷದ ಅಭ್ಯಾಸ. ಪ್ಲಾಸ್ಟಿಕ್ ಬೇಡ ಅಂತ ಹೇಳಿ ನಲವತ್ತು ಪ್ಲಾಸ್ಟಿಕ್ ಕವರ್ ಹಂಚಿ ಬಂದ ಮಹಾತಾಯಿ ನಾನು.

ಬುದ್ಧಿ ಹೇಳುವುದು ಅಲ್ಲಿಗೇ ನಿಂತಿತು. ಮನೆಗೆ ಬಂದವಳೇ ಯಜಮಾನರ ಹಳೇ ಪ್ಯಾಂಟುಗಳಿಗೆ ಕತ್ತರಿ ಹಾಕಿದೆ. ಕಾಲಿಗೊಂದು ಚೀಲ, ಕೆಳಗೊಂದು ಹೊಲಿಗೆ, ಮೇಲೊಂದು ಹಿಡಿ, ಅಷ್ಟೇ. ಬೇಕೆಂತಲೇ ಸೊಟ್ಟಗೆ ಹೊಲಿದೆ. ಜೋತಾಡುವ ದಾರ ಕತ್ತರಿಸಲು ಹೋದ ಕೈಗೆ ನಾನೇ ಬೈದೆ. ಅಕ್ಕನ ಅಂಗಡಿಯ ಮೊಳೆಗೆ ಗೊಂಚಲಾಗಿ ನೇತುಹಾಕಿ, “ಯಾರು ಬೇಕಾದರೂ ಒಯ್ಯಲಿ, ಮತ್ತೆ ಬರುವಾಗ ತರಲಿ” ಅಂದೆ.

ಶನಿವಾರದ ಹೊತ್ತಿಗೆ ಅವು ಮಣ್ಣು ಮೆತ್ತಿಕೊಂಡು ಎರಡೆರಡು ಸಲ ಹೋಗಿ ಬಂದಿದ್ದವು. ಸೊಪ್ಪಿನ ಬುಟ್ಟಿ ಖಾಲಿ.

“ಬೋರ್ಡ್ ಇರಲಿ ಬಿಡು,” ಅಂದಳು ಅಕ್ಕ. “ಈ ದರಿದ್ರ ಚೀಲ ಯಾರು ಹೊಲಿದದ್ದು ಅಂತ ಕೇಳ್ತಾರೆ. ಏನು ಹೇಳಲಿ?”

“ಪಕ್ಕದ ಬೀದಿಯವಳು ಅನ್ನು.”

ಅಷ್ಟರಲ್ಲಿ ಬದನೆಕಾಯಿ ತುಂಬಿಸಿಕೊಂಡಿದ್ದ ನಮ್ಮ ಯಜಮಾನರು ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಈ ಮಂಡಿಯ ತೇಪೆ ಎಲ್ಲೋ ನೋಡಿದ ಹಾಗಿದೆಯಲ್ಲೇ.”

ನಾನು ಬೆಂಡೆಕಾಯಿ ಆರಿಸುವುದರಲ್ಲಿ ಮುಳುಗಿದೆ. ಇಡೀ ಚೀಲದಲ್ಲಿ ನೆಟ್ಟಗಿದ್ದ ಹೊಲಿಗೆ ಅದೊಂದೇ, ನನ್ನದೇ ಅಂತ ಹೇಳಿಕೊಳ್ಳುವ ಹಾಗೂ ಇರಲಿಲ್ಲ.