ಮೂರು ಮೂಲಗಳಿಂದ ದೃಢಪಟ್ಟಿದೆ

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ನಾಲ್ಕು ದಿನ ಇರುವಾಗ ಕರ್ನಲ್ ಪೂವಯ್ಯನವರ ಕೋವಿ ಕಾಣೆಯಾಯಿತು. ಹಬ್ಬದ ದಿನ ಕೋವಿಯ ಬಾಯಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡಬೇಕು. ಎಣ್ಣೆ ಹಾಕಿ ಒರೆಸೋಣವೆಂದು ಬೀರು ತೆಗೆದರೆ ಹಳೆ ಯೂನಿಫಾರ್ಮು, ನುಸಿಗುಳಿಗೆಯ ವಾಸನೆ, ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಮನೆಯ ಆಳುಗಳನ್ನು ಕೂಗಿ ಕೇಳುತ್ತಿದ್ದರು. ಮಿಲಿಟರಿ ಗುಪ್ತಚರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು ಕೂಗುವುದಿಲ್ಲ. ಎಸ್ಟೇಟಿನ ರೈಟರ್ ಧರ್ಮೇಂದ್ರನನ್ನು ಕರೆಸಿ, ಬಾಗಿಲು ಹಾಕಿಸಿ, ಹೊಸ ಫೈಲ್ ತೆರೆಸಿದರು.

ಧರ್ಮೇಂದ್ರನ ಕೆಲಸ ಆಳುಗಳ ಹಾಜರಿ ಬರೆಯುವುದು, ಮಳೆ ಅಳೆಯುವುದು. ಕರ್ನಲ್ ನಿವೃತ್ತರಾಗಿ ಶ್ರೀಮಂಗಲದ ಕಾಫಿ ತೋಟಕ್ಕೆ ಬಂದ ಮೇಲೆ ಅವರ ಆಪರೇಷನ್‌ಗಳ ವರದಿ ಬರೆಯುವುದೂ ಸೇರಿತು. ಹಲಸು ಕದಿಯುವವರ ಪತ್ತೆಗೆ ಹನ್ನೊಂದು ದಿನ ನಡೆದ ಆಪರೇಷನ್ನಿನ ಕೊನೆಗೆ ಸಿಕ್ಕಿದ್ದು ಆನೆ ಲದ್ದಿ. ಆ ಫೈಲನ್ನೂ 'ಯಶಸ್ವಿ' ಎಂದು ಮುಚ್ಚಿದ್ದರು.

ಎಷ್ಟು ನಂಬಬಹುದೆಂಬುದಕ್ಕೆ ಕರ್ನಲ್ ಬಳಿ ಗುಪ್ತಚರ ಲೆಕ್ಕವಿತ್ತು: ಸುದ್ದಿ ಕೊಟ್ಟವನಿಗೆ ಒಂದು ಅಕ್ಷರ, ಸುದ್ದಿಗೆ ಒಂದು ಅಂಕಿ. ಎ-ಒನ್ ಎಂದರೆ ದೇವರ ಮಾತು. ಇ-ಫೈವ್ ಎಂದರೆ ಕಸ. ಇದೇ ಲೆಕ್ಕದಲ್ಲಿ ಈಶಾನ್ಯದ ಬೆಟ್ಟದ ಹಳ್ಳಿಯೊಂದರಲ್ಲಿ ಶಾಲೆ ಮೇಷ್ಟ್ರೊಬ್ಬ ಬಂದೂಕು ಬಚ್ಚಿಟ್ಟಿದ್ದಾನೆಂದು ಮೂರು ಮೂಲಗಳಿಂದ ದೃಢಪಡಿಸಿ, ಅವನನ್ನು ಹಿಡಿದು, ಕರ್ನಲ್ ಪದಕ ಪಡೆದಿದ್ದರು. ಈ ಕಥೆಯನ್ನು ಧರ್ಮೇಂದ್ರ ನಲವತ್ತು ಸಲವಾದರೂ ಕೇಳಿದ್ದ.

ಮೊದಲು ಕರೆಸಿದ್ದು ಮುತ್ತಿಯನ್ನು. ಹದಿನಾರು ವರ್ಷದಿಂದ ತೋಟದ ಕೂಲಿಗಳ ಲೈನ್‌ಮನೆಯಲ್ಲಿದ್ದವಳು, ವಾರಕ್ಕೆರಡು ದಿನ ಬಂಗಲೆ ಗುಡಿಸುವವಳು.

"ಕೋವಿ ಎಲ್ಲಿ?"

"ವೋಟಿನ ಸಮಯಕ್ಕೆ ಕೋವಿ ಒಪ್ಪಿಸ್ಬೇಕು ಅಂತ ನೀವೇ ಕಂಬಳಿ ಸುತ್ತಿ ಜೀಪಲ್ಲಿ ಸ್ಟೇಷನ್ನಿಗೆ ತಗೊಂಡು ಹೋದ್ರಲ್ಲ ಅಯ್ಯಾ. ಗೇಟು ತೆಗ್ದದ್ದು ನಾನೇ."

ಕರ್ನಲ್ ಮುಗುಳ್ನಕ್ಕರು. "ಬರ್ಕೋ. ಶಂಕಿತೆ ದಾರಿ ತಪ್ಪಿಸ್ತಿದ್ದಾಳೆ. ಇ-ಫೈವ್."

ಚುನಾವಣೆಯ ವಾರ ಧರ್ಮೇಂದ್ರ ರಜೆಯಲ್ಲಿದ್ದ. ಅವಳು ಹೇಳಿದ್ದು ನಿಜ ಇದ್ದರೂ ಇರಬಹುದು ಅನ್ನಿಸಿತು. ಆದರೂ ಬರೆದುಕೊಂಡ.

ಮಳೆಗಾಲದಲ್ಲಷ್ಟೇ ಕೆಲಸಕ್ಕೆ ಸೇರಿದ್ದ ಡ್ರೈವರ್ ಪ್ರಸಾದ್ ಎರಡನೆಯವನು.

"ಮುತ್ತಿ ಬೀರು ಹತ್ರ ಸುಳಿಯೋದು ನೋಡಿದ್ದೀಯಾ?"

"ಗುಡಿಸೋಳು ಎಲ್ಲ ಕಡೆ ಸುಳೀತಾಳೆ ಸರ್."

ಅದು ಒಂದು ಮೂಲ. ಪ್ರಸಾದ್ ಈ ವಿಚಾರಣೆಯ ಸುದ್ದಿಯನ್ನು ತುಳಸಿಯ ಚಹಾದಂಗಡಿಯಲ್ಲಿ ಹೇಳಿದ. ಮಾರನೇ ದಿನ ಪೇಪರ್ ಕೊಳ್ಳಲು ಹೋದ ಕರ್ನಲ್‌ಗೆ ತುಳಸಿ, "ಮುತ್ತಿ ಬೀರು ಹತ್ರ ಸುಳೀತಿದ್ಳಂತೆ, ಹೌದಾ?" ಎಂದಳು. ಅದು ಎರಡು.

"ನಿನ್ನ ಕಿವಿಗೇನು ಬಿತ್ತು?" ಎಂದು ಧರ್ಮೇಂದ್ರನನ್ನು ಕೇಳಿದರು.

"ತುಳಸಿ ಅಂಗಡೀಲಿ ಏನೋ ಮಾತಾಡ್ತಿದ್ರು ಸರ್..."

ಕರ್ನಲ್ ಮೇಜು ಕುಟ್ಟಿದರು. "ಮೂರು! ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಮೂಲ!"

ಒಂದೇ ತೋಡಿನ ನೀರನ್ನು ಮೂರು ಕಡೆ ಮೊಗೆದು ಮೂರು ಹೊಳೆ ಅನ್ನುತ್ತಿದ್ದಾರೆಂದು ಧರ್ಮೇಂದ್ರನಿಗೆ ಗೊತ್ತಿತ್ತು. ಫೈಲಿನಲ್ಲಿ ಮೂರನೇ ಮೂಲದ ಮುಂದೆ ತನ್ನ ಹೆಸರು ಬರೆದ. ಹಬ್ಬದ ಸಂಜೆಯೊಳಗೆ ಮುತ್ತಿ ಲೈನ್ ಖಾಲಿ ಮಾಡಬೇಕೆಂದು ಆರ್ಡರ್ ಆಯಿತು. ಅವಳ ಮಗಳು ಹುದಿಕೇರಿಯ ಶಾಲೆಯಲ್ಲಿ ಹತ್ತನೇ ತರಗತಿ. ಆರ್ಡರನ್ನು ಮುತ್ತಿಗೆ ಓದಿ ಹೇಳಿದವನೂ ಧರ್ಮೇಂದ್ರನೇ.

ಹಬ್ಬದ ಬೆಳಿಗ್ಗೆ ಕರ್ನಲ್ ಬರೆಸಿದ ಕಳ್ಳತನದ ದೂರು ಹಿಡಿದು ಅವನು ಸ್ಟೇಷನ್ನಿಗೆ ಹೋದ. ಮೂರನೇ ಮೂಲವೆಂದು ಅವನದೇ ಸಹಿ ಇತ್ತು. ಹೆಡ್ ಕಾನ್‌ಸ್ಟೇಬಲ್ ತೀರ್ಥಪ್ರಸಾದ್ ಅರ್ಧ ಓದಿ ನಗತೊಡಗಿದ.

"ಕರ್ನಲ್ ಕೋವಿಯಾ? ಎಪ್ರಿಲಿಂದ ಇಲ್ಲೇ ಮಲಗಿದೆ ಮಾರಾಯ. ಚುನಾವಣೆಗೆ ಇಟ್ಟವರೆಲ್ಲ ತಗೊಂಡು ಹೋದ್ರು, ಇದೊಂದು ಉಳ್ದಿದೆ. ಎರಡು ಪತ್ರ ಹಾಕಿದ್ವಿ."

ಪತ್ರಗಳು ಬಂದಿದ್ದವು. ಪೊಲೀಸ್ ಲಕೋಟೆಗಳನ್ನು ಕರ್ನಲ್ ಒಡೆಯದೆ 'ಗೌಪ್ಯ' ಎಂದು ಬರೆದ ಡ್ರಾಯರಿನಲ್ಲಿ ಇಡುತ್ತಿದ್ದರು.

"ಈ ಸಹಿ ನಿಂದಾ? ಅವಳು ಕದಿಯೋದು ನೀನು ನೋಡಿದ್ದಾ?"

ಧರ್ಮೇಂದ್ರ ದೂರನ್ನು ಮಡಚಿ ಜೇಬಿಗೆ ತುರುಕಿದ. ಕೋವಿ ಒಪ್ಪಿಸಿದ್ದಕ್ಕೆ ಕರ್ನಲ್ ಸಹಿಯಿದ್ದ ರಿಜಿಸ್ಟರಿನ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ವಾಪಸಾದ.

ತಮ್ಮದೇ ಸಹಿಯನ್ನು ಕರ್ನಲ್ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಈಗ ನಾಚಿಕೊಳ್ಳುತ್ತಾರೆ ಎಂದು ಧರ್ಮೇಂದ್ರ ಕಾದ.

"ನನ್ನ ಕೋವಿ ಎಲ್ಲಿದೆ ಅಂತ ನನಗಿಂತ ಮೊದಲು ಅವಳಿಗೆ ಹೇಗೆ ಗೊತ್ತಾಯ್ತು?" ಎಂದರು ಕರ್ನಲ್. "ನನ್ನ ಓಡಾಟ ಗಮನಿಸ್ತಿದ್ದಾಳೆ. ಬರ್ಕೋ."

"ಗೇಟು ತೆಗ್ದದ್ದು ಅವಳೇ ಅಲ್ವಾ ಸರ್."

"ಅದನ್ನೇ ಹೇಳ್ತಿರೋದು. ಗೇಟಿನಲ್ಲೇ ಹೊಂಚು ಹಾಕಿದ್ಳು!"

ಧರ್ಮೇಂದ್ರ ಪೆನ್ನು ಕೆಳಗಿಟ್ಟ. "ಸರ್, ಆ ಮೇಷ್ಟ್ರ ಮನೇಲಿ ಬಂದೂಕು ಸಿಕ್ತಾ?"

"ಪದಕ ಸಿಕ್ತು," ಎಂದರು ಕರ್ನಲ್. "ಹೋಗು, ಅವಳನ್ನ ಖಾಲಿ ಮಾಡಿಸು."

ಲೈನಿನ ಆರು ಬಾಗಿಲಿಗೂ ಬೀಗ ಬಿದ್ದಿತ್ತು. ರಸ್ತೆಯಲ್ಲಿ ಪಿಕಪ್ ನಿಂತಿತ್ತು. ಪಾತ್ರೆ, ಕೋಳಿ, ಆರು ಮನೆಯ ಜನ. ಮುತ್ತಿ ಮುಂದಿನ ಸೀಟಿನಲ್ಲಿದ್ದಳು.

"ಏನು ರೈಟರೇ, ಓಡಿಸೋಕೆ ಬಂದ್ರಾ? ಲೇಟಾಯ್ತು."

"ಕೋವಿ ಸಿಕ್ತು."

"ಸ್ಟೇಷನ್ನಲ್ಲಿ ತಾನೆ?"

ಅವನು ತಲೆಯಾಡಿಸಿದ. "ಎಲ್ಲಿಗೆ?"

"ಹುದಿಕೇರಿ ತೋಟಕ್ಕೆ. ಅಲ್ಲಿ ಕಾಫಿ ಪಿಕ್ಕಿಂಗಿಗೆ ಜನ ಇಲ್ಲ, ಲೈನ್ ಕೊಡ್ತಾರೆ. ಮಗಳಿಗೆ ಶಾಲೆ ನಡೆಯುವಷ್ಟು ದೂರ. ಇವರೂ ಬರ್ತೇವೆ ಅಂದ್ರು. ಇವತ್ತು ನಾನು, ನಾಳೆ ಇವರು, ಅಷ್ಟೇ ಅಲ್ವಾ? ಮೂರು ದಿನದಿಂದ ತುಳಸಿ ಅಂಗಡೀಲೇ ನಿಂತು ಮಾತಾಡಿದ್ದು." ಗಾಡಿ ಹೊರಟಿತು. ಅವಳು ತಲೆ ಹೊರಗೆ ಹಾಕಿದಳು. "ಅಯ್ಯನಿಗೆ ಹೇಳ್ಬೇಡಿ. ಅವರೇ ಪತ್ತೆ ಮಾಡ್ಲಿ."

ಆಫೀಸಿನಲ್ಲಿ ಕರ್ನಲ್ ಕೋವಿ ತರಲು ಜೀಪಿನ ಕೀ ಹುಡುಕುತ್ತಿದ್ದರು.

"ಖಾಲಿ ಮಾಡಿದ್ಳಾ?"

"ಮಾಡಿದ್ಳು ಸರ್."

"ಗಲಾಟೆ?"

"ಇಲ್ಲ ಸರ್."

"ಗುಡ್. ಯಶಸ್ವಿ ಅಂತ ಬರೆದು ಮುಚ್ಚು."

ಧರ್ಮೇಂದ್ರ ಬರೆದ. ಕಾಫಿ ಹಣ್ಣಾಗಲು ಇನ್ನು ಮೂರು ತಿಂಗಳಿತ್ತು. ಉಳಿದ ಐದು ಬಾಗಿಲ ಬಗ್ಗೆ ಕರ್ನಲ್ ಕೇಳಲಿಲ್ಲ, ಅವನೂ ಹೇಳಲಿಲ್ಲ.