ಕೈಗುಣ

"ಇನ್ನೊಂಚೂರು ತಿಕ್ಕಿ ಅತ್ತಿಗೆ, ಹೋಗುತ್ತೆ," ಎನ್ನುತ್ತ ನಾದಿನಿ ಚೊಂಬಿನಿಂದ ನೀರು ಬಿಟ್ಟಳು.

ಹೋಗುವ ಲಕ್ಷಣ ಇರಲಿಲ್ಲ. ಸೊಸೆ ಅರ್ಧ ನಿಂಬೆಹಣ್ಣು ಹಿಡಿದು ಅತ್ತೆಯ ಹೆಬ್ಬೆರಳನ್ನು ಉಜ್ಜುತ್ತಲೇ ಇದ್ದಳು. ಅರಿಸಿನ, ಶುಂಠಿ, ಮೆಂತ್ಯ, ಹೆಸರು ಮರೆತ ಎಷ್ಟೋ ಬೇರುಗಳ ರಸ ಒಂದು ಆಯುಷ್ಯವಿಡೀ ಇಳಿದು ಕೂತ ಬೆರಳುಗಳವು. ಒಂದು ನಿಂಬೆಹಣ್ಣಿಗೆ ಬಗ್ಗುವಂಥವಲ್ಲ. ಉಗುರಿನ ಸಂದಿಯ ಹಳದಿ ಹಾಗೇ ಇತ್ತು. ಮೈ ತಣ್ಣಗಾಗಿ ಆಗಲೇ ಹೊತ್ತಾಗಿದ್ದರೂ ಆ ಕೈಯಿಂದ ಇನ್ನೂ ಶುಂಠಿಯ ವಾಸನೆ ಬರುತ್ತಿತ್ತು.

"ಹೋಗೋವಾಗ ಕೈಯಾದ್ರೂ ಎಲ್ಲರ ಕೈ ಥರ ಕಾಣಲಿ ಕಣೇ." ಅತ್ತೆ ಕೇಳಿಕೊಂಡಿದ್ದ ಎರಡು ಮಾತುಗಳಲ್ಲಿ ಇದೊಂದು. ಇನ್ನೊಂದನ್ನು ಸೊಸೆ ಯಾರಿಗೂ ಹೇಳಿರಲಿಲ್ಲ.

ಆಗ ಹಜಾರದಲ್ಲಿ ಯಾರೋ ಕೆಮ್ಮಿದರು. ಎದುರು ಮನೆಯ ಬಸ್ ಡ್ರೈವರ್. ದಾರಿಯ ಧೂಳನ್ನೆಲ್ಲ ಎದೆಯಲ್ಲಿ ತುಂಬಿಕೊಂಡವನ ಕೆಮ್ಮು. ಬೇರೆ ಮನೆಯಾಗಿದ್ದರೆ ಪಕ್ಕದವರು ಒಂದು ಲೋಟ ನೀರು ಕೊಟ್ಟು ಸುಮ್ಮನಾಗುತ್ತಿದ್ದರು. ಈ ಮನೆಯಲ್ಲಿ ಕೂತವರೆಲ್ಲ ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅಲ್ಲಿಂದ ಲೋಟ ಹಿಡಿದು ಬರಬೇಕಾದವರು ಒಳಕೋಣೆಯಲ್ಲಿ ಮಲಗಿದ್ದಾರೆಂದು ನೆನಪಾಗಿ, ಒಬ್ಬೊಬ್ಬರಾಗಿ ಕಣ್ಣು ತಂದು, ಆ ಕೋಣೆಯ ತೆರೆದ ಬಾಗಿಲಲ್ಲಿ ಕಾಣುತ್ತಿದ್ದ ಸೊಸೆಯ ಮೇಲೆ ಇಟ್ಟರು. ಸೊಸೆ ತಲೆ ಎತ್ತಲಿಲ್ಲ. ಕಣ್ಣುಗಳಿಗೂ ಭಾರವಿರುತ್ತದೆ ಎಂದು ಅವಳಿಗೆ ಆವತ್ತು ಗೊತ್ತಾಯಿತು.

"ಎಲ್ಲ ಮುಗಿಸಿ ವಾಪಸ್ ಬರ್ತಾರಲ್ಲ ಅತ್ತಿಗೆ," ನಾದಿನಿ ದನಿ ತಗ್ಗಿಸಿದಳು, "ಆಗ ಎಲ್ಲರಿಗೂ ಅಮ್ಮನ ಕಷಾಯನೇ ಕೊಡೋಣ ಅಂತಿದಾನೆ ಅಣ್ಣ. ಟೀ ಬೇಡವಂತೆ."

"ಇವತ್ತಾ?"

"ಅಪ್ಪ ಹೋದ ದಿನ ಅಮ್ಮ ಬಂದವರಿಗೆಲ್ಲ ಮಾಡಿಕೊಡಲಿಲ್ವಾ? ಅಳ್ತಾ ಅಳ್ತಾನೇ ಕುಟ್ಟಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮನ ಕೈಗುಣ ಬಂದಿರೋದು ನಿಮಗೆ ಮಾತ್ರ. ನನಗೆ ಶುಂಠಿ ಹೆಚ್ಚೋಕೂ ಬರಲ್ಲ."

ಬರಲ್ಲ ಎನ್ನುವುದು ಮಾತ್ರ ನಾದಿನಿಗೆ ಬಹಳ ಚೆನ್ನಾಗಿ ಬರುತ್ತಿತ್ತು.

*

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತದೆ ಗಾದೆ. ಈ ಬೀದಿಯವರಿಗೆ ಆ ಗಾದೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನೆಗಡಿ, ಅಜೀರ್ಣ, ಹಲ್ಲುನೋವು, ಮಗುವಿನ ಹೊಟ್ಟೆಯುಬ್ಬರ, ಪರೀಕ್ಷೆಯ ಹಿಂದಿನ ದಿನದ ವಾಂತಿ, ಎಲ್ಲಕ್ಕೂ ದಾರಿ ಒಂದೇ: ಕಷಾಯದಮ್ಮನ ಮನೆ. ಮುಂಬಾಗಿಲು ಹಾಕಿದ್ದರೆ ಹಿಂಬಾಗಿಲಿಗೆ ಬರುತ್ತಿದ್ದರು. ಉಂಡು ಕೈ ತೊಳೆಯುವಷ್ಟು ಪುರುಸೊತ್ತೂ ಅತ್ತೆಗೆ ಇರಲಿಲ್ಲ.

ಸೊಸೆ ಆಗ ಕನ್ನಡಕದ ಅಂಗಡಿಯ ಕೆಲಸ ಬಿಟ್ಟು ಬಂದ ಹೊಸದು. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸವಾಗಿತ್ತು. ಕನ್ನಡಕ ಹಾಕಿಕೊಂಡವರು ಬಾಗಿಲಿಗೆ ಬಂದು ಎದುರಿನ ಮರ ನೋಡಿ, "ಅಯ್ಯೋ, ಎಲೆ ಎಲೆಯೂ ಬೇರೆ ಬೇರೆ ಕಾಣುತ್ತಲ್ಲ!" ಎಂದು ಬೆರಗಾಗುತ್ತಿದ್ದರು. ಆ ಒಂದು ಮಾತಿಗಾಗಿ ಅವಳು ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬರುತ್ತಿದ್ದಳು. ಅತ್ತೆಯ ಮಣಿಕಟ್ಟು ಊದಿಕೊಂಡು ಕುಟ್ಟಲು ಆಗದಾದಾಗ, "ಒಂದೆರಡು ತಿಂಗಳು ಅಮ್ಮನಿಗೆ ಕುಟ್ಟಿಕೊಡು," ಎಂದ ಗಂಡ. ಆ ಒಂದೆರಡು ತಿಂಗಳು ಮುಂದೆ ವರ್ಷಗಳಾದವು.

ಒಂದು ದಿನ ಇಬ್ಬರೂ ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಶುಂಠಿ ಒಣಹಾಕುತ್ತಿದ್ದರು.

"ನಾನು ಹೇಗೆ ಸಿಕ್ಕಿಬಿದ್ದೆ ಗೊತ್ತೇನೇ?" ಎಂದರು ಅತ್ತೆ ಇದ್ದಕ್ಕಿದ್ದಂತೆ.

"ಎಲ್ಲಿ ಸಿಕ್ಕಿಬಿದ್ರಿ?"

"ಇಲ್ಲೇ. ಈ ಕುಟ್ಟಾಣಿ ಒಳಗೆ. ಮದುವೆಯಾಗಿ ಬಂದ ಹೊಸದು, ನಮ್ಮ ಮಾವನಿಗೆ ಕೆಮ್ಮು. ನಮ್ಮಮ್ಮ ಮಾಡ್ತಿದ್ದ ಹಾಗೆ ಒಂದು ಲೋಟ ಕುದಿಸಿ ಕೊಟ್ಟೆ. ಕೆಮ್ಮು ನಿಂತೋಯ್ತು. ಕೊಡದೇ ಇದ್ರೂ ನಿಲ್ತಿತ್ತು ಬಿಡು. ಅವರು ಸುಮ್ನಿರದೆ ಬೀದಿಗೆಲ್ಲ ಸಾರಿದ್ರು, ನಮ್ಮ ಸೊಸೆ ಕೈಗುಣ ದೊಡ್ಡದು ಅಂತ. ಮುಗೀತು ನನ್ನ ಕಥೆ."

"ಆಗಲ್ಲ ಅನ್ನಬೇಕಿತ್ತು."

"ಜಬರ್ದಸ್ತು ಮಾಡಿದ್ರೆ ಆಗಲ್ಲ ಅನ್ನಬಹುದು ಕಣೇ. ಇವರು ಕೆಮ್ಕೊಂಡು ಬಂದು ಪ್ರೀತಿಯಿಂದ ಕೇಳ್ತಾರಲ್ಲ, ಅದಕ್ಕೇನು ಮಾಡ್ತೀಯ?" ಅತ್ತೆ ಒಂದು ಶುಂಠಿಯನ್ನು ತಿರುವಿ ಹಾಕಿದರು. "ನಮ್ಮಕ್ಕ ನೋಡು, ಬುದ್ಧಿವಂತೆ. ಗಂಡನ ಮನೆಗೆ ಹೋದ ಮೊದಲನೇ ದಿನವೇ ಅನ್ನ ಸೀಯಿಸಿದಳು. ಮನೆ ತುಂಬ ಹೊಗೆ. ಅವತ್ತಿಂದ ಯಾರೂ ಅವಳನ್ನ ಒಲೆ ಹತ್ತಿರ ಬಿಟ್ಟಿಲ್ಲ. ಊರೂರು ಸುತ್ತಿದಳು, ಪುಣ್ಯವಂತೆ. ಅವಳ ಮನೇಲಿ ಒಂದು ವಾರ ಇದ್ದು ಬರೋಣ ಅಂತ ನಾನು ಬಟ್ಟೆ ತುಂಬ್ಕೊಂಡಾಗಲೆಲ್ಲ ಇಲ್ಲಿ ಯಾರಿಗಾದ್ರೂ ಜ್ವರ. ಮೊದಲನೇದು ಕೆಡಿಸಿಬಿಡಬೇಕು. ನಾನು ತಪ್ಪಿದ್ದು ಅಲ್ಲೇ."

ಕೆಳಗಿನಿಂದ ಯಾರೋ ಕೂಗಿದರು. ಅತ್ತೆ ಮಂಡಿ ಹಿಡಿದುಕೊಂಡು ಎದ್ದು, "ಬಂದೇ," ಎಂದರು.

*

ಅತ್ತೆಯನ್ನು ಹೊರಗೆ ಒಯ್ಯುವಾಗಲೂ ಕೈ ಹಳದಿಯಾಗಿಯೇ ಇತ್ತು. ಸೊಸೆ ಹೊದಿಕೆಯ ಅಂಚು ಎಳೆದು ಬೆರಳುಗಳನ್ನು ಮುಚ್ಚಿದಳು. ಅವಳು ಅಂದು ಅತ್ತದ್ದು ಆಗ ಮಾತ್ರ.

ಬೀದಿಯ ತುದಿಯವರೆಗೆ ಹೋಗಿ ಹಿಂದಿರುಗುವಾಗ ಗೇಟಿನ ಬಳಿ ಕನ್ನಡಕದ ಅಂಗಡಿಯವರು ಕಾದಿದ್ದರು. ಹಳೆಯ ಯಜಮಾನರು, ಒಳ್ಳೆಯವರು. ಕರವಸ್ತ್ರದಲ್ಲಿ ಮೂಗು ಒತ್ತಿಕೊಳ್ಳುತ್ತಿದ್ದರು.

"ಹೊತ್ತಲ್ಲದ ಹೊತ್ತಿನಲ್ಲಿ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಮ್ಮ. ಮೊನ್ನೆ ಹೇಳಿಕಳಿಸಿದ್ದೆನಲ್ಲ, ಸೋಮವಾರ ಬರ್ತೀಯಾ ಹೇಗೆ? ಗಾಜು ಕೂರಿಸೋಕೆ ಜನ ಇಲ್ಲ. ನೀನು ಆಗಲ್ಲ ಅಂದ್ರೆ ನನ್ನ ತಂಗಿ ಮಗನ್ನ ಕರೆಸ್ಕೋತೀನಿ. ಇವತ್ತೇ ಹೇಳಿಬಿಡು."

"ಬರ್ತೀನಿ ಸರ್," ಎಂದಳು ಸೊಸೆ. ಎಷ್ಟು ಬೇಗ ಹೇಳಿದಳೆಂದರೆ, ಸಾವಿನ ಮನೆಯ ಸೊಸೆ ಹಾಗೆ ಹೇಳಬಾರದಾಗಿತ್ತೇನೋ ಎಂದು ತಾನೇ ಹಿಂದೆ ತಿರುಗಿ ನೋಡಿದಳು.

ಹಿಂದೆ ಅತ್ತೆಯ ಅಕ್ಕ ನಿಂತಿದ್ದರು. ಮನೆಮಂದಿಯ ಬಾಯಲ್ಲಿ ಅವರು ಸೀಕಲು ದೊಡ್ಡಮ್ಮ. ಅನ್ನ ಸೀದು ಅರ್ಧ ಶತಮಾನವಾದರೂ ಹೆಸರಿಗೆ ಹತ್ತಿದ ಸೀಕಲು ಇನ್ನೂ ಬಿಟ್ಟಿರಲಿಲ್ಲ. ಕಾಲಲ್ಲಿ ದೂರ ನಡೆಯಲು ಹಾಕುವ ಬೂಟು, ಹೆಗಲಿಗೆ ಪ್ರಯಾಣದ ಚೀಲ. ತಂಗಿಯನ್ನು ಕೊನೆಯ ಸಲ ನೋಡಲು ಎರಡು ಬಸ್ಸು ಬದಲಿಸಿ ಬಂದಿದ್ದರು. ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಒಳಗೆ ನಡೆದರು.

*

ಕೊನೆಯ ವಾರ ಅತ್ತೆಗೆ ಎದೆ ಕಟ್ಟಿತ್ತು. ಡಾಕ್ಟರು ಬಂದು ಬರೆದುಕೊಟ್ಟು ಹೋದರು. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು, "ಅವರದ್ದೇ ಕಷಾಯ ಅವರಿಗೆ ಕೊಡಿ, ನಾಳೆಯೇ ಎದ್ದು ಕೂರ್ತಾರೆ," ಎಂದರು. ಸೊಸೆ ಮಾಡಿ ತಂದಳು.

ಅತ್ತೆ ಮುಖ ತಿರುಗಿಸಿದರು. "ಬಾಗಿಲು ಹಾಕು." ಬಾಗಿಲು ಹಾಕಿದ ಮೇಲೆ ಪಿಸುಗುಟ್ಟಿದರು, "ಅದನ್ನ ಬಚ್ಚಲಿಗೆ ಚೆಲ್ಲು. ಮಾತ್ರೆ ಕೊಡು."

"ಒಂದು ಗುಟುಕು ಅತ್ತೆ..."

"ಆ ವಾಸನೆ ಬಂದ್ರೆ ನನಗೆ ಹೊಟ್ಟೆ ತೊಳಸುತ್ತೆ ಕಣೇ. ಮೊದಲಿಂದಲೂ ಅಷ್ಟೆ."

ಸೊಸೆ ಲೋಟ ಹಿಡಿದು ನಿಂತೇ ಇದ್ದಳು. ಅತ್ತೆ ನಗಲು ಹೋಗಿ ಕೆಮ್ಮಿದರು. ಮಾತ್ರೆ ನುಂಗಿ, ನೀರು ಕುಡಿದು, ಸೊಸೆಯ ಮಣಿಕಟ್ಟು ಹಿಡಿದರು. ಅವಳ ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಉಗುರಿನ ಬುಡದಲ್ಲಿ ಹಳದಿ ಆಗಲೇ ಶುರುವಾಗಿತ್ತು.

"ನಾನಿರೋವರೆಗೆ ನೀನು ಬರೀ ಕುಟ್ಟಿದೀಯ. ಹೆಸರು ನಂದು. ನಾನು ಹೋದ ಮೇಲೆ ಮೊದಲನೇದು ಮಾಡಿಸ್ತಾರೆ ನೋಡು, ಅದನ್ನ ಕೆಡಿಸು. ಬಾಯಿಗೆ ಇಡೋಕೆ ಆಗಬಾರದು. ನನ್ನ ಆಣೆ."

"ಆಯ್ತು ಅತ್ತೆ."

"ಅಂಗಡಿಯವರಿಗೆ ಹೇಳಿಕಳಿಸಿದೀನಿ. ನೀನು ಹೋಗ್ಬೇಕು."

ಕನ್ನಡಕದಂಗಡಿಯಿಂದ ಕರೆ ಬಂದದ್ದು ಹೇಗೆಂದು ಸೊಸೆಗೆ ತಿಳಿದದ್ದು ಆಗ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಜನ ಹೇಳುವುದು ಜಗಳದ ಮಾತಾಗಿ. ಇಲ್ಲಿ ತನ್ನ ಕಾಲ ಸೊಸೆಗೆ ಬಾರದಿರಲಿ ಎಂದು ಅತ್ತೆಯೇ ಕಾವಲು ಕೂತಿದ್ದರು.

*

ಅತ್ತೆಯನ್ನು ಒಯ್ದವರು ಮರಳಿದ ಮೇಲೆ, ಮಧ್ಯಾಹ್ನ ಸೊಸೆ ಅಡುಗೆಮನೆಗೆ ಹೋದಾಗ ಎಲ್ಲ ಸಿದ್ಧವಾಗಿತ್ತು. ಗಂಡ ಒಲೆಯ ಪಕ್ಕದಲ್ಲಿ ತಾಯಿಯ ಮಣೆ ಹಾಕಿ, ಕುಟ್ಟಾಣಿ ತೊಳೆದಿಟ್ಟು, ದೊಡ್ಡ ಪಾತ್ರೆಯಲ್ಲಿ ನೀರು ತುಂಬುತ್ತಿದ್ದ. ಅತ್ತು ಅತ್ತು ಅವನ ಮುಖ ಊದಿತ್ತು. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು!

"ಇವತ್ತೊಂದು ದಿನ ಮಾಡು," ಎಂದ.

"ಸೋಮವಾರದಿಂದ ಅಂಗಡಿಗೆ ಹೋಗ್ತೀನಿ. ಕರೆ ಬಂದಾಗಲೇ ನಿಮಗೆ ಹೇಳಿದ್ದೆ."

"ಹೋಗು, ಯಾರು ಬೇಡ ಅಂದ್ರು? ಬೆಳಿಗ್ಗೆ ಸ್ವಲ್ಪ ಬೇಗ ಎದ್ದು ಒಂದು ಪಾತ್ರೆ ಮಾಡಿಟ್ಟು ಹೋದ್ರೆ ಆಯ್ತು. ಬಂದವರಿಗೆ ನಾನು ಕೊಡ್ತೀನಿ."

ಅವನು ಹೋದ ಮೇಲೆ ಬಾಣಲೆಗೆ ಜೀರಿಗೆ ಮೆಣಸು ಹಾಕಿದಳು. ಜೀರಿಗೆ ಹುರಿಯುವುದನ್ನು ಅತ್ತೆ ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದರು. ಚಟಪಟ ಸದ್ದು ತಗ್ಗುತ್ತಿದ್ದಂತೆ ಇಳಿಸಬೇಕು. ಆಮೇಲೆ ಬಿಟ್ಟರೆ ಕಹಿ.

ಸದ್ದು ತಗ್ಗಿತು. ಸೊಸೆಯ ಬಲಗೈ ತಾನೇ ತಾನಾಗಿ ಬಾಣಲೆಯ ಕಡೆ ಹೋಯಿತು. ಅವಳು ಅದನ್ನು ಎಡಗೈಯಿಂದ ಹಿಡಿದುಕೊಂಡಳು. ಹಿಡಿದುಕೊಂಡೇ ನಿಂತಳು. ಜೀರಿಗೆ ಕೆಂಪಾಯಿತು, ಕಂದಾಯಿತು, ಕಪ್ಪಾಯಿತು. ಹೊಗೆ ಎದ್ದು ಕಣ್ಣಲ್ಲಿ ನೀರು ಬಂತು. ಕಪ್ಪಾದದ್ದನ್ನೇ ಕುಟ್ಟಿ ನೀರಿಗೆ ಸುರಿದು, ಅದರ ಮೇಲೆ ಒಂದು ಹಿಡಿ ಮೆಂತ್ಯ ಹಾಕಿದಳು. ಬೆಲ್ಲದ ಡಬ್ಬಿ ಕೈಗೆ ಸಿಕ್ಕರೂ ಮುಚ್ಚಳ ತೆಗೆಯಲಿಲ್ಲ. ಕುದಿದದ್ದನ್ನು ಚಮಚದ ತುದಿಯಲ್ಲಿ ರುಚಿ ನೋಡಿದರೆ ನಾಲಿಗೆ ಒಳಕ್ಕೆ ಎಳೆದುಕೊಂಡಿತು. ನಾಯಿಯೂ ಮೂಸದಂಥ ಕಷಾಯ. ಬೆಳಗಿನಿಂದ ಮೊದಲ ಸಲ ಅವಳ ಎದೆ ಹಗುರಾಯಿತು. ಆಣೆ ತೀರಿಸಿದೆ ಅತ್ತೆ, ಎಂದುಕೊಂಡಳು.

ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಹಜಾರಕ್ಕೆ ಬಂದಳು. ಮೊದಲು ತೆಗೆದುಕೊಂಡವನು ಡ್ರೈವರ್. ಒಂದು ಗುಟುಕು ಕುಡಿದ. ಅವನ ಮುಖ ಕಿವುಚಿತು.

ಅವನು ಲೋಟ ಕೆಳಗಿಡಲಿಲ್ಲ. ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಅದೇ," ಎಂದ. "ಅವರದ್ದೇ ಕೈ."

"ಏನು ಅದೇ?" ಎಂದಳು ಸೊಸೆ.

"ಗಂಟಲಿಗೆ ಇಳೀತಿದ್ದ ಹಾಗೇ ಎಲ್ಲ ಸಡಿಲ ಆಯ್ತಮ್ಮ." ಅವನು ಮತ್ತೆ ಕುಡಿದ.

ನಾದಿನಿ ಒಂದು ಗುಟುಕಿಗೇ ಅಳಲು ಶುರುಮಾಡಿದಳು. ಗಂಡ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಉಪವಾಸ ಬಿಟ್ಟವನ ಹಾಗೆ ತಳದವರೆಗೆ ಕುಡಿದ. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು.

"ಸೀದಿದೆ," ಎಂದಳು ಸೊಸೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ದನಿ ಎತ್ತಿದಳು. "ಕಷಾಯ ಸೀದಿದೆ. ಕುಡಿಯೋಕೆ ಆಗಲ್ಲ. ನಾನೇ ಸೀಯಿಸಿದ್ದು."

ಹಿರಿಯ ಹೆಂಗಸೊಬ್ಬಳು ಒದ್ದೆ ಕಣ್ಣಲ್ಲೇ ನಕ್ಕಳು. "ಅಯ್ಯೋ, ಅವರೂ ಹೀಗೇ ಹೇಳೋರಲ್ಲ! 'ಇವತ್ತು ಕೆಟ್ಟುಹೋಗಿದೆ, ಕುಡೀಬೇಡಿ' ಅಂತ. ನಾವು ಬಿಡ್ತಿದ್ವಾ?"

"ಎಷ್ಟು ಸಲ!" ಎಂದಿತು ಇನ್ನೊಂದು ದನಿ. "ಮಾತೂ ಅದೇ, ಕೈಯೂ ಅದೇ."

ಅತ್ತೆ ಕೆಡಿಸಲು ನೋಡಿದ್ದು ಒಂದು ಸಲವಲ್ಲ. ಎಷ್ಟು ವರ್ಷ, ಎಷ್ಟು ಪಾತ್ರೆ ಕೆಡಿಸಿ ನೋಡಿದ್ದರೋ! ಅದನ್ನು ಮಾತ್ರ ಸೊಸೆಗೆ ಹೇಳಿರಲಿಲ್ಲ. ಹೇಳಲು ಮನಸ್ಸು ಬಂದಿರಲಿಕ್ಕಿಲ್ಲ.

ಕನ್ನಡಕದ ಅಂಗಡಿಯವರು ಮೂಗಿನಿಂದ ಕರವಸ್ತ್ರ ತೆಗೆದು, ಕೊನೆಯ ಗುಟುಕು ಮುಗಿಸಿ, ಲೋಟವನ್ನು ಮೆಲ್ಲಗೆ ತಟ್ಟೆಗೆ ಇಟ್ಟರು. "ಇಂಥ ಕೈ ಇಟ್ಕೊಂಡು ನನ್ನ ಅಂಗಡೀಲಿ ಗಾಜು ಉಜ್ತೀಯಾ? ನನ್ನ ಸ್ವಾರ್ಥಕ್ಕೆ ನಿನ್ನನ್ನ ಕರೆದ್ರೆ ಈ ಬೀದಿ ನನ್ನ ಸುಮ್ನೆ ಬಿಡುತ್ತಾ? ತಂಗಿ ಮಗ ಬರ್ತಾನೆ ಬಿಡು. ನೀನು ಚಿಂತೆ ಮಾಡಬೇಡಮ್ಮ."

"ಇಲ್ಲ ಸರ್, ನಾನು ಬರ್ತೀನಿ ಅಂದೆನಲ್ಲ..."

"ದುಃಖದಲ್ಲಿ ಏನೋ ಹೇಳಿರ್ತೀಯ," ಎಂದು ಅವಳ ತಲೆ ಮುಟ್ಟಿ, ಚಪ್ಪಲಿ ಹುಡುಕಿ ಹಾಕಿಕೊಂಡು ಹೊರಟರು. ಪ್ರೀತಿಯಿಂದಲೇ ಹೇಳಿದ್ದರು.

ಅಡುಗೆಮನೆಗೆ ಹಿಂದಿರುಗಿದಾಗ ಸೀಕಲು ದೊಡ್ಡಮ್ಮ ಬಂದು ತಮ್ಮ ಲೋಟವನ್ನು ಮೋರಿಗೆ ಚೆಲ್ಲುತ್ತಿದ್ದರು. ಬಾಣಲೆ ಎತ್ತಿ ಮೂಸಿದರು.

"ಬೇಕೂಂತಲೇ?"

ಸೊಸೆ ಹೂಂ ಎಂದಳು.

"ನನ್ನ ಕಾಲಕ್ಕೆ ನಡೀತಮ್ಮ. ಅವತ್ತು ಆ ಮನೇಲಿ ಯಾರೂ ಸತ್ತಿರಲಿಲ್ಲ." ದೊಡ್ಡಮ್ಮ ಬಾಣಲೆಯನ್ನು ಕೆಳಗಿಟ್ಟರು. "ನಿನ್ನತ್ತೆಗೆ ಕಾಗದ ಬರೆದಾಗಲೆಲ್ಲ 'ಬಂದುಬಿಡೇ' ಅಂತಿದ್ದೆ. ನಿನಗೂ ಅದೇ ಹೇಳ್ತೀನಿ. ಬಂದುಬಿಡು." ಹೇಳಿ, ಆ ಮಾತಿನ ಬೆಲೆ ತಮಗೇ ಗೊತ್ತಿರುವವರಂತೆ ಚೀಲ ಹೆಗಲಿಗೇರಿಸಿದರು. ಅವರ ಬಸ್ಸಿಗೆ ಹೊತ್ತಾಗಿತ್ತು.

ಸೊಸೆ ನಲ್ಲಿ ತಿರುಗಿಸಿದಳು. ಮೋರಿಯ ಕಟ್ಟೆಯ ಮೇಲೆ ಬೆಳಗಿನ ಅರ್ಧ ನಿಂಬೆಹಣ್ಣು ಬಿದ್ದಿತ್ತು, ರಸ ಹೋಗಿ ಸೊರಗಿತ್ತು. ಅದನ್ನು ಎತ್ತಿಕೊಂಡು ತನ್ನ ಹೆಬ್ಬೆರಳಿನ ಉಗುರಿಗೆ ಒತ್ತಿ ಉಜ್ಜಿದಳು. ನೀರು ಬಿಟ್ಟು ನೋಡಿದಳು. ಮತ್ತೆ ಉಜ್ಜಿದಳು.

ಹಜಾರದಲ್ಲಿ ಯಾರೋ ಕೆಮ್ಮಿದರು. ಆಮೇಲೆ ಮಾತೆಲ್ಲ ನಿಂತಿತು. ಅವಳನ್ನು ಯಾರೂ ಕರೆಯಲಿಲ್ಲ. ಸುಮ್ಮನೆ ಕಾದು ಕೂತರು.